ಕರೆಂಟ್ ಹೋದಾಗ ಫೋನು ಏನಾಗುತ್ತೆ, ಮೊದಲು ಅದನ್ನು ಕೇಳಿ

ವಿದ್ಯಾ, ನಿನ್ನ ಮೆಸೇಜು ಈಗ ನೋಡಿದೆ. ಬೊರಿವಿಲಿ ಮನೆಯ ಲ್ಯಾಂಡ್‌ಲೈನ್ ಮಳೆ ಶುರುವಾದಾಗಿನಿಂದ ಕರಕರ ಅನ್ನುತ್ತಿತ್ತು, ಈಗ ಪೂರ್ತಿ ಡೆಡ್, ಫೈಬರ್ ಹಾಕಿಸಿದರೆ ಇಂಟರ್ನೆಟ್ ಜೊತೆ ಫೋನೂ ಫ್ರೀ ಅಂತ ಕಂಪನಿಯವರು ಬೆನ್ನು ಹತ್ತಿದ್ದಾರೆ, ಅಪ್ಪ ಅಮ್ಮ ಇಬ್ಬರೇ ಇರುವುದು, ಹಾಕಿಸಲಾ ಬೇಡವಾ, ಭಯ ಆಗ್ತಿದೆ ಅಂತ ಕೇಳಿದ್ದೀಯ. ಬೆಳಗಿನಿಂದ ಗ್ರೂಪಿನಲ್ಲಿ ಎಲ್ಲರೂ ಹಾಕಿಸು ಹಾಕಿಸು ಅಂದಿದ್ದೇ ಅಂದಿದ್ದು. ಒಬ್ಬರಾದರೂ ಶಾರದಕ್ಕನ ವಿಷಯ ಎತ್ತಬೇಕಲ್ಲ? ಯಾರೂ ಎತ್ತಲಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ. ಟೈಪ್ ಮಾಡಲು ನನ್ನ ಕಣ್ಣಿಗೆ ಆಗುವುದಿಲ್ಲ, ನಾನು ಮಾತಾಡುತ್ತೇನೆ, ಫೋನು ಬರೆದುಕೊಳ್ಳುತ್ತದೆ. ಉದ್ದ ಆಗುತ್ತದೆ, ಆದರೂ ಪೂರ್ತಿ ಓದು. ನಿನ್ನ ಅಪ್ಪ ರಘುಗೂ ಓದಿ ಹೇಳು.

2020ರ ಅಕ್ಟೋಬರ್ 12. ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಇಡೀ ಮುಂಬೈಗೆ ಕರೆಂಟ್ ಹೋಯಿತು, ನೆನಪಿದೆಯಲ್ಲ? ಕಳವಾ ಪಡಘಾ ಕಡೆಯ ದೊಡ್ಡ ಲೈನ್ ಟ್ರಿಪ್ ಆಗಿ ಲೋಕಲ್ ಗಾಡಿಗಳು ನಿಂತಲ್ಲೇ ನಿಂತವು. ಕೊರೊನಾ ಕಾಲ ಬೇರೆ. ಶಾರದಕ್ಕ ಆಗ ಮುಲುಂಡಿನಲ್ಲಿ ಒಬ್ಬಳೇ. ಅವಳ ಮಗ ಪ್ರಕಾಶ ಬೆಂಗಳೂರಿನಿಂದ ಬರಲಾಗದೆ ಅಲ್ಲೇ ಸಿಕ್ಕಿಕೊಂಡಿದ್ದ, ಅವನೇ ಒಂದೆರಡು ತಿಂಗಳ ಹಿಂದೆ ಆನ್‌ಲೈನಿನಲ್ಲಿ ಬುಕ್ ಮಾಡಿ ಅಕ್ಕನ ಹಳೇ ಲೈನ್ ತೆಗೆಸಿ ಫೈಬರ್ ಹಾಕಿಸಿದ್ದ. ಹಾಕಲು ಬಂದ ಹುಡುಗ ಅಕ್ಕನಿಗೆ ಹೇಳಿದ್ದು ಇಷ್ಟೇ, ಸೇಮ್ ಟು ಸೇಮ್ ಹೈ ಆಂಟಿ, ಕುಛ್ ಫರಕ್ ನಹೀ. ಫೋನು ಅದೇ, ಸ್ಟೂಲೂ ಅದೇ, ಹಿಂದೆ ಒಂದು ಬಿಳೀ ಡಬ್ಬಿ, ಅದರಲ್ಲಿ ಮಿಣುಕು ದೀಪ. ಅಕ್ಕನೂ ಹಾಗೇ ನಂಬಿದಳು.

ನಾನು ಮಾಟುಂಗದಿಂದ ಫೋನ್ ಮಾಡಿದೆ. ನಮ್ಮ ಮನೆಯಲ್ಲೂ ಕರೆಂಟ್ ಇರಲಿಲ್ಲ, ಆದರೆ ನಮ್ಮ ತಾಮ್ರದ ತಂತಿಯ ಫೋನಿನಲ್ಲಿ ಟೋನ್ ಬರುತ್ತಿತ್ತು. ಅಕ್ಕನ ನಂಬರಿಗೆ ಹಚ್ಚಿದರೆ ಮರಾಠಿಯಲ್ಲಿ ಸಂಪರ್ಕವಿಲ್ಲ ಅಂತ ಹೇಳುತ್ತದೆ. ಮತ್ತೆ ಮತ್ತೆ ಹಚ್ಚಿದೆ, ಅದೇ ಮಾತು. ಮೊಬೈಲಿಗೆ ಮಾಡಿದರೆ ಸ್ವಿಚ್ ಆಫ್. ಪಕ್ಕದ ಮನೆಯ ಮರಾಠಿಯವರ ನಂಬರಿಗೆ ಹಚ್ಚಿದೆ, ನೆಟ್‌ವರ್ಕೇ ಸಿಗಲಿಲ್ಲ. ಮಧ್ಯಾಹ್ನದ ಊಟ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಒಂದು ಟ್ಯಾಕ್ಸಿಯವನಿಗೆ ಕೇಳಿದಷ್ಟು ಕೊಡುತ್ತೇನೆ ಅಂತ ಹೇಳಿ, ಮಾಸ್ಕ್ ಹಾಕಿಕೊಂಡು ಹೊರಟೆ.

ಬಿಲ್ಡಿಂಗಿನ ಲಿಫ್ಟ್ ಇಲ್ಲ. ಈ ಮೊಣಕಾಲು ಇಟ್ಟುಕೊಂಡು ನಾಲ್ಕನೇ ಮಾಳಿಗೆ ಹತ್ತಿದೆ. ಬೆಲ್ ಒತ್ತಿದೆ, ಅದೂ ಕರೆಂಟಿನದೇ ಅಲ್ವಾ, ಎಲ್ಲಿ ಬಾರಿಸುತ್ತದೆ. ಕೈಯಿಂದ ಬಾಗಿಲು ಬಡಿದೆ. ಒಳಗಿನಿಂದ ಸಣ್ಣದಾಗಿ, ಯಾರೂ ಅಂತ ಅಕ್ಕನ ದನಿ. ಪಕ್ಕದವರ ಹತ್ತಿರ ಇದ್ದ ಕೀ ತಂದು ತೆಗೆದರೆ, ಅಕ್ಕ ಫೋನಿನ ಸ್ಟೂಲಿನ ಕಾಲು ಹಿಡಿದುಕೊಂಡು ನೆಲದ ಮೇಲೆ ಕುಳಿತಿದ್ದಾಳೆ. ರಿಸೀವರ್ ವೈರಿನಲ್ಲಿ ನೇತಾಡುತ್ತಿದೆ. ಕತ್ತಲೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಹಾಗೇ ತೆವಳಿಕೊಂಡು ಹಾಲಿಗೆ ಬಂದು ಫೋನು ಎತ್ತಿದ್ದಾಳೆ, ಒಳಗೆ ಏನೂ ಸದ್ದಿಲ್ಲ. ಟೋನೂ ಇಲ್ಲ, ಕರಕರವೂ ಇಲ್ಲ. ತನ್ನ ಕೈಯೇ ಸರಿ ಒತ್ತುತ್ತಿಲ್ಲ ಅಂದುಕೊಂಡು ನನ್ನ ನಂಬರ್ ಒತ್ತುತ್ತಲೇ ಇದ್ದಳಂತೆ. ಮೊಬೈಲು ಅಡುಗೆಮನೆಯ ಮಿಕ್ಸಿ ಪಕ್ಕದಲ್ಲಿ, ಚಾರ್ಜ್ ಮುಗಿದು ಬಿದ್ದಿತ್ತು. ಕೂಗಿದರೆ ಕೇಳಲು ಕೊರೊನಾ ಅಂತ ಎಲ್ಲರ ಬಾಗಿಲೂ ಭದ್ರ.

ಆಮೇಲೆ ಆಂಬುಲೆನ್ಸ್, ಆಪರೇಷನ್, ಅದೆಲ್ಲ ನಿಮಗೆ ಗೊತ್ತು. ಅಕ್ಕ ಬದುಕಿದಳು, ಆದರೆ ಆ ದಿನದ ನಂತರ ವಾಕರ್ ಬಿಟ್ಟು ನಡೆಯಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ ಮಗಳೇ, ಫೈಬರ್ ಫೋನು ಅಂದರೆ ಮನೆಯ ಕರೆಂಟ್ ಹೋದಾಗ ಫೋನೂ ಹೋಗುತ್ತದೆ. ಇದನ್ನು ಕಂಪನಿಯವರು ತಾವಾಗಿ ಹೇಳುವುದಿಲ್ಲ.

ನಿನ್ನ ಮಾವ, ಅಂದರೆ ನಮ್ಮ ಯಜಮಾನರು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇದ್ದವರು, ಅವರು ಎಷ್ಟು ಸಲ ಹೇಳುತ್ತಿದ್ದರು. ಎಕ್ಸ್‌ಚೇಂಜಿನಲ್ಲಿ ಒಂದು ರೂಮಿನ ತುಂಬಾ ಬ್ಯಾಟರಿ, ಅದರ ಹಿಂದೆ ಡೀಸೆಲ್ ಜನರೇಟರ್. 48 ವೋಲ್ಟ್ ಕರೆಂಟು ಆ ತಾಮ್ರದ ತಂತಿಯಲ್ಲೇ ನಮ್ಮ ಮನೆಗೆ ಬರುತ್ತಿತ್ತು. ಅದಕ್ಕೇ ಮನೆಯಲ್ಲಿ ದೀಪ ಇಲ್ಲದಿದ್ದರೂ ಫೋನು ನಡೆಯುತ್ತಿತ್ತು. 2005ರ ಜುಲೈ 26ರಂದು ಸಾಂತಾಕ್ರೂಝಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮೊಬೈಲು ಹತ್ತದೆ ಜನ ಒದ್ದಾಡುತ್ತಿದ್ದರು. ಆವತ್ತು ನಾವು ಊರಿಗೆ ಸುದ್ದಿ ಮುಟ್ಟಿಸಿದ್ದು ಹಾಲಿನ ಆ ಕರೀ ಫೋನಿನಿಂದಲೇ. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಬೆಳಕು ಮಾತ್ರ ಬರುತ್ತದೆ, ಕರೆಂಟು ಬರುವುದಿಲ್ಲ. ಆ ಬೆಳಕನ್ನು ಮಾತು ಮಾಡುವ ಡಬ್ಬಿಗೆ ನಮ್ಮ ಮನೆಯ ಪ್ಲಗ್ಗೇ ಗತಿ.

ಆ ಕರೀ ಫೋನಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ, ಮನಸ್ಸಿನಲ್ಲಿ ಇಟ್ಟುಕೊಂಡರೆ ನನಗೆ ಬಿಪಿ. ಅದು ಬಂದ ಹೊಸತರಲ್ಲಿ ನಮ್ಮ ಪೈಕಿ ಬೇರೆ ಯಾರ ಮನೆಯಲ್ಲಿ ಫೋನಿತ್ತು? ಬುಕ್ ಮಾಡಿದರೆ ವರ್ಷಗಟ್ಟಲೆ ಕಾಯಬೇಕಿತ್ತು. ಮಾವನ ನೌಕರಿಯಿಂದ ನಮಗೆ ಸಿಕ್ಕಿತ್ತು. ಇಡೀ ಕುಟುಂಬ ನಮ್ಮ ನಂಬರನ್ನೇ ಪಿಪಿ ನಂಬರ್ ಅಂತ ಕೊಟ್ಟಿತ್ತು. ಊರಿನಿಂದ ಟ್ರಂಕ್ ಕಾಲ್ ಬಂದರೆ ಒಲೆಯ ಮೇಲಿದ್ದದ್ದು ಇಳಿಸಿ ನಾನೇ ಓಡಬೇಕು, ಹಿಂದಿನ ಚಾಳಿನವರೆಗೂ ಹೋಗಿ ಕರೆದುಕೊಂಡು ಬರಬೇಕು. ರಘುವಿನ ನೌಕರಿಯ ಸುದ್ದಿ ಬಂದದ್ದು ನಮ್ಮ ಫೋನಿಗೆ. ಅಜ್ಜಿ ಹೋದ ಸುದ್ದಿ ಬಂದದ್ದೂ ನಮ್ಮ ಫೋನಿಗೆ, ರಾತ್ರಿ. ನಿನ್ನ ಅಪ್ಪ ಅಮ್ಮನ ಮದುವೆ ಮಾತುಕತೆ ಅರ್ಧ ನಡೆದದ್ದು ನಮ್ಮ ಹಾಲಿನಲ್ಲೇ, ನಾನು ಎಲ್ಲರಿಗೂ ಚಹಾ ಮಾಡಿ ಕೊಟ್ಟಿದ್ದೇನೆ. ಒಂದು ದಿನವೂ ಬಿಲ್ ಎಷ್ಟು ಬಂತು ಅಂತ ಮಾವ ಯಾರನ್ನೂ ಕೇಳಲಿಲ್ಲ. ಈಗ? ಯಾರ ನಂಬರ್ ಬದಲಾದರೂ ನನಗೆ ಹೇಳುವವರಿಲ್ಲ. ದೀಪಾವಳಿಗೆ ಒಂದು ಫೋನ್ ಇಲ್ಲ, ದೀಪದ ಚಿತ್ರ ಬರುತ್ತದೆ, ಅದೇ ಚಿತ್ರ ಎಲ್ಲರಿಂದಲೂ. ಹೋದ ವರ್ಷ ಡೋಂಬಿವಿಲಿಯ ಮದುವೆಗೆ ಕಾರ್ಡನ್ನು ಮೊಬೈಲಿಗೆ ಹಾಕಿ ಸುಮ್ನೆ ಕೂತರು. ಒಂದು ಸಲ ಫೋನ್ ಮಾಡಿ, ಅತ್ತೆ ಬನ್ನಿ ಅಂದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಮಾವ ಇದ್ದಿದ್ದರೆ ಹೀಗೆ ಮಾಡುವ ಧೈರ್ಯ ಯಾರಿಗೂ ಇರುತ್ತಿರಲಿಲ್ಲ. ನನಗೆ ಬೇಜಾರಾಗಿದೆ, ಗ್ರೂಪಿನಲ್ಲೇ ಹೇಳುತ್ತಿದ್ದೇನೆ, ಓದಲಿ.

ತಡಿ, ಕುಕ್ಕರ್ ಕೂಗುತ್ತಿದೆ, ಗ್ಯಾಸ್ ಆರಿಸಿ ಬರುತ್ತೇನೆ.

ಹಾಂ. ಏನು ಹೇಳುತ್ತಿದ್ದೆ? ಫೋನು. ಮತ್ತೆ ಹೇಳುತ್ತೇನೆ, ಕರೆಂಟ್ ಹೋದರೆ ಆ ಫೋನು ಹೋಗುತ್ತದೆ. ರಘುಗೆ ಬೈಪಾಸ್ ಆಗಿದೆ, ನಿನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ, ನೀನು ಪುಣೆಯಲ್ಲಿ. ಮುಲುಂಡಿನಲ್ಲಿ ಆದದ್ದು ಬೊರಿವಿಲಿಯಲ್ಲಿ ಆಗಬಾರದು.

ಹಾಗಾದರೆ ಹಾಕಿಸಲೇಬಾರದಾ ಅಂತ ಕೇಳುತ್ತೀಯ, ನೀನು ಕೇಳಿದ್ದೂ ಅದನ್ನೇ ಅಲ್ವಾ. ಹಾಕಿಸು. ತಾಮ್ರದ ಲೈನ್ ಸತ್ತ ಮೇಲೆ ಅದನ್ನೇ ನಂಬಿ ಕೂರಲು ಆಗುವುದಿಲ್ಲ, ರಿಪೇರಿಗೆ ಬರುವವರೂ ಕಡಿಮೆ. ಆದರೆ ಹಾಕಿಸುವ ಮೊದಲು ಒಂದು ಕೇಳು. ಗಾಜಿನ ಎಳೆ ನೇರ ಮನೆಯೊಳಗೆ ಬರುತ್ತದಾ, ಇಲ್ಲ ಮೆಟ್ಟಿಲ ಹತ್ತಿರ ಅಥವಾ ಟೆರೇಸಿನಲ್ಲಿ ಒಂದು ಪೆಟ್ಟಿಗೆ ಇಟ್ಟು ಅಲ್ಲಿಂದ ಲ್ಯಾನ್ ವೈರ್, ಅಂದರೆ ಇಂಟರ್ನೆಟ್‌ನ ಸಾದಾ ತಂತಿ, ಎಳೆಯುತ್ತಾರಾ ಅಂತ. ಪೆಟ್ಟಿಗೆಯಿಂದ ಎಳೆದರೆ ಆ ಪೆಟ್ಟಿಗೆಗೂ ಕರೆಂಟ್ ಬೇಕು, ಬಿಲ್ಡಿಂಗಿನ ಕರೆಂಟ್ ಹೋದರೆ ನಿಮ್ಮ ಮನೆಯಲ್ಲಿ ಏನಿಟ್ಟರೂ ಪ್ರಯೋಜನವಿಲ್ಲ. ನೇರ ಬರುವುದನ್ನೇ ಆರಿಸು.

ಆಮೇಲೆ ಆ ಡಬ್ಬಿಗೆ, ರೌಟರ್ ಅನ್ನುತ್ತಾರಲ್ಲ ಅದಕ್ಕೆ ಅಂತಲೇ ಚಿಕ್ಕ ಯುಪಿಎಸ್, ಅಂದರೆ ಕರೆಂಟ್ ಹೋದಾಗ ನಡೆಸುವ ಬ್ಯಾಟರಿ, ಸಿಗುತ್ತದೆ, ಪುಸ್ತಕದಷ್ಟು ದೊಡ್ಡದು, ಕೆಲವು ಗಂಟೆ ನಡೆಯುತ್ತದೆ. ಡಬ್ಬಿಯ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಅಂತ ಬರೆದಿರುತ್ತದೆ, ಜಾಸ್ತಿ ಕಡೆ 12, ಅದನ್ನು ನೋಡಿಯೇ ತಗೋ. ಎರಡು ಡಬ್ಬಿ ಇದ್ದರೆ ಎರಡಕ್ಕೂ ಬೇಕು. ಫೋನು ಹಳೇ ವೈರಿನದ್ದೇ ಇರಲಿ, ಡಬ್ಬಿಯ ಹಿಂದೆ ಫೋನಿನ ಪಿನ್ ಹಾಕುವ ಜಾಗ ಇರುತ್ತದೆ. ಕಾರ್ಡ್‌ಲೆಸ್ ಬೇಡ, ಅದಕ್ಕೆ ಬೇರೆ ಕರೆಂಟ್. ಸಾದಾ ಬಟನ್ ಮೊಬೈಲ್ ಒಂದನ್ನು ಹಾಸಿಗೆಯ ಹತ್ತಿರ ಚಾರ್ಜಿಗೆ ಹಾಕಿಟ್ಟಿರಲಿ, 112 ಒತ್ತುವುದನ್ನು ನಿನ್ನ ಅಮ್ಮನಿಗೂ ಕಲಿಸು.

ಇನ್ನೊಂದು, ನಂಬರ್. ಕಂಪನಿ ಬದಲಿಸಿದರೂ ನಂಬರ್ ಉಳಿಸಿಕೊಳ್ಳುವ ಸೌಲಭ್ಯ 2011ರಲ್ಲಿ ಬಂದದ್ದು ಮೊಬೈಲಿಗೆ. ಲ್ಯಾಂಡ್‌ಲೈನಿಗೆ ಅದಿಲ್ಲ. ಬೇರೆ ಕಂಪನಿಗೆ ಹೋದರೆ ಹೊಸ ನಂಬರೇ. ಬ್ಯಾಂಕು, ಗ್ಯಾಸು, ಸೊಸೈಟಿ ಆಫೀಸು, ಡಾಕ್ಟರು, ಎಲ್ಲ ಕಡೆ ಬದಲಿಸಿ ಆದ ಮೇಲೆ ಹಳೇ ಲೈನ್ ಸರೆಂಡರ್ ಮಾಡಿ, ಡಿಪಾಸಿಟ್ ವಾಪಸ್ ಕೇಳಿ, ಅರ್ಜಿಯ ಮೇಲೆ ಆಫೀಸಿನ ಸೀಲು ಹಾಕಿಸಿಕೊಂಡು ಬರಲಿ ರಘು.

ಮತ್ತೆ ಹಾಕಲು ಬಂದ ಹುಡುಗ ಸೈನ್ ಮಾಡಿ ಅಂದಾಗ ಸುಮ್ನೆ ಸೈನ್ ಮಾಡಬೇಡಿ. ಅವನು ಇರುವಾಗಲೇ ಮೇನ್ ಸ್ವಿಚ್ ಆಫ್ ಮಾಡಿಸಿ. ಫ್ಯಾನು, ಫ್ರಿಜ್ಜು ಎಲ್ಲ ನಿಲ್ಲಲಿ. ಆಗ ರಿಸೀವರ್ ಎತ್ತಿ ನನ್ನ ಮಾಟುಂಗದ ನಂಬರಿಗೆ ಹಚ್ಚಿ. ನಾನು ಎತ್ತಿ ಮಾತಾಡಿದ ಮೇಲೆ ಸೈನ್ ಮಾಡಿ. ಯಾವ ದಿನ ಬರುತ್ತಾರೆ ಅಂತ ಮೊದಲೇ ತಿಳಿಸು, ನಾನು ಮನೆಯಲ್ಲೇ ಇರುತ್ತೇನೆ.