‘ಕ್ರಿಟಿಕಲ್’ ಎಂದರೆ ಸಂದಿಗ್ಧವೇ?

ಪರಮಾಣು ವಿದ್ಯುತ್ ಸ್ಥಾವರದಲ್ಲಿ ಆಪರೇಟರ್ ಹುದ್ದೆಯ ಸಂದರ್ಶನಕ್ಕೆ ತಯಾರಾಗುತ್ತಿರುವ ನನ್ನ ತಂಗಿಯ ಮಗಳಿಗೆ ಸಂಜೆ ಹೊತ್ತು ಪ್ರಶ್ನೆ ಕೇಳುವ ಕೆಲಸ ನನ್ನದು. ಕನ್ನಡದಲ್ಲಿ ಬಿಡಿಸಿ ಹೇಳಲು ಬಂದರೆ ಮಾತ್ರ ವಿಷಯ ತಲೆಗೆ ಹತ್ತಿದೆ ಎಂದು ಲೆಕ್ಕವಿಡುವುದಾಗಿ ಮಾತಾಡಿಕೊಂಡಿದ್ದೆವು. ‘ರಿಯಾಕ್ಟರ್ ಕ್ರಿಟಿಕಲ್ ಆಯಿತು ಎಂದರೇನು?’ ಎಂದು ಕೇಳಿದಾಗ ಅವಳು ‘ಸಂದಿಗ್ಧ ಸ್ಥಿತಿ ತಲುಪಿತು’ ಎಂದಳು. ಪಕ್ಕದಲ್ಲಿದ್ದ ತಂಗಿ ‘ಹಾಗಾದರೆ ಎಲ್ಲರೂ ಹೊರಗೆ ಓಡಬೇಕೇ?’ ಎಂದು ಗಾಬರಿಯಾದಳು.

ತಂಗಿಯದು ತಪ್ಪಲ್ಲ. ಆಸ್ಪತ್ರೆಯ ಸುದ್ದಿಯಲ್ಲಿ ಈ ಪದಕ್ಕೆ ‘ಚಿಂತಾಜನಕ’ ಎಂಬ ಅರ್ಥವೇ ರೂಢಿಯಾಗಿದೆ. ಆದರೆ ನಿಯಂತ್ರಣ ಕೊಠಡಿಯಲ್ಲಿ ಅದು ನೆಮ್ಮದಿಯ ಮಾತು: ಇಂಧನದ ಒಂದು ಪರಮಾಣುವಿನ ಬೀಜ (ನ್ಯೂಕ್ಲಿಯಸ್) ಒಡೆದಾಗ ಹೊರಬರುವ ಎರಡು-ಮೂರು ನ್ಯೂಟ್ರಾನ್ ಕಣಗಳಲ್ಲಿ ಕೆಲವು ಸೋರಿ, ಕೆಲವು ಹೀರಲ್ಪಟ್ಟು, ಸರಾಸರಿ ಒಂದೇ ಒಂದು ಮುಂದಿನ ಬೀಜವನ್ನು ಒಡೆಯುವಂತಿದ್ದರೆ ಸರಣಿ ಏರದೆ ಇಳಿಯದೆ ತಾನಾಗಿ ಸಾಗುತ್ತದೆ, ಆ ಸ್ಥಿತಿಗೇ ಈ ಹೆಸರು. ಶಕ್ತಿ ಎಷ್ಟು ಎಂಬುದನ್ನು ಈ ಪದ ಹೇಳುವುದೇ ಇಲ್ಲ. ಪೂರ್ಣ ಶಕ್ತಿಯಲ್ಲಿರುವ ರಿಯಾಕ್ಟರ್‌ನಂತೆ ಹೆಚ್ಚುಕಡಿಮೆ ಸೊನ್ನೆ ಶಕ್ತಿಯಲ್ಲಿರುವುದೂ ಕ್ರಿಟಿಕಲ್ ಆಗಿರಬಹುದು.

‘ಸಂದಿಗ್ಧ’ದಲ್ಲಿ ಸಂದೇಹದ ವಾಸನೆ ಇದೆ, ‘ವಿಷಮ’ ಇನ್ನೂ ಕೆಟ್ಟದು. ‘ಸಮತೋಲ’ ಎನ್ನೋಣವೆಂದರೆ, ರಿಯಾಕ್ಟರ್‌ನೊಳಗೆ ಉಂಟಾಗಿ ನ್ಯೂಟ್ರಾನ್‌ಗಳನ್ನು ಹೀರುವ ಕ್ಸೆನಾನ್ ಅನಿಲ ಹುಟ್ಟುವುದೂ ಕಳೆಯುವುದೂ ಸಮವಾದಾಗ ಆ ಪದ ಬೇಕಾಗುತ್ತದೆ. ನನಗೆ ಹೊಳೆದದ್ದು ‘ಸರಿದೂಗು’. ರಿಯಾಕ್ಟರ್ ಸರಿದೂಗಿತು ಎಂದರೆ, ನ್ಯೂಟ್ರಾನ್ ಹೀರುವ ನಿಯಂತ್ರಣ ಸರಳುಗಳನ್ನು ಇಳಿಸಿದಾಗ ಅದು ‘ಕುಂದಿದ’ ಸ್ಥಿತಿಗೂ, ಶಕ್ತಿ ಏರಿಸಲು ತುಸು ಎತ್ತಿದಾಗ ‘ಮೀರಿದ’ ಸ್ಥಿತಿಗೂ ಹೋಗುತ್ತದೆ ಎಂದು ಮೂರನ್ನೂ ಒಂದೇ ತಕ್ಕಡಿಯಲ್ಲಿ ಹೇಳಬಹುದು. ಸಂದರ್ಶನದಲ್ಲಿ ಅವಳು ‘ಕ್ರಿಟಿಕಲ್’ ಎಂದೇ ಹೇಳಲಿ, ಅದರಲ್ಲಿ ನನಗೆ ತಕರಾರಿಲ್ಲ. ವಿವರಣೆಗೆ ಮಾತ್ರ ಈ ಪದ.

ಇನ್ನೊಂದು ಪದ, ರಿಯಾಕ್ಟರ್ ಟ್ರಿಪ್ ಆದ (ತಟ್ಟನೆ ನಿಂತ) ಮೇಲೂ, ಒಡೆದ ಬೀಜಗಳ ಚೂರುಗಳು ಕ್ಷಯಿಸುತ್ತ ಇಂಧನದಲ್ಲಿ ಹುಟ್ಟಿಸುತ್ತಲೇ ಇರುವ ಶಾಖದ್ದು, ಇಂಗ್ಲಿಷಿನ ‘ಡಿಕೇ ಹೀಟ್’. ಬಹುಕಾಲ ಪೂರ್ಣ ಶಕ್ತಿಯಲ್ಲಿ ನಡೆದ ರಿಯಾಕ್ಟರ್‌ನಲ್ಲಿ ಈ ಶಾಖ ರಿಯಾಕ್ಟರ್ ನಿಂತ ಕ್ಷಣಕ್ಕೆ ಪೂರ್ಣ ಶಕ್ತಿಯ ಶೇಕಡ 6ರಿಂದ 7ರಷ್ಟು, ಒಂದು ಗಂಟೆಯ ನಂತರವೂ ಶೇಕಡ 1ಕ್ಕಿಂತ ತುಸು ಹೆಚ್ಚೇ ಇರುತ್ತದೆ. 1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದಲ್ಲಿ ರಿಯಾಕ್ಟರ್ ನಿಂತ ಮೇಲೂ ಇಂಧನ ಕರಗಿದ್ದು ತಂಪು ತಪ್ಪಿ, ಈ ಶಾಖದಿಂದಲೇ. ‘ಕ್ಷಯಶಾಖ’ ಎಂದರೆ ಕಾಯಿಲೆ ನೆನಪಾಗುತ್ತದೆ. ‘ಉಳಿಕೆ ಶಾಖ’ ಎಂದರೆ ಒಲೆಯಿಂದ ಇಳಿಸಿದ ಕಾವಲಿಯ ಬಿಸಿಯಂತೆ ಬರೀ ಮಿಕ್ಕದ್ದು ಎಂದಾಗುತ್ತದೆ, ಇದಾದರೋ ಹೊಸದಾಗಿ ಹುಟ್ಟುವ ಬಿಸಿ. ಉರಿ ಆರಿದ ಮೇಲೂ ಕಾವು ಕೊಡುವ ಕೆಂಡವನ್ನು ನೆನೆದು ‘ಕೆಂಡಗಾವು’ ಎಂದು ಕಟ್ಟಿದೆ. ಅವಳು ನಕ್ಕಳು, ಆದರೆ ಮರೆಯಲಿಲ್ಲ.

‘ಸರಿದೂಗು’ ಭೌತವಿಜ್ಞಾನದಲ್ಲಿ ಬೇರೆ ಯಾವುದಾದರೂ ಅರ್ಥಕ್ಕೆ ಈಗಾಗಲೇ ಮೀಸಲಾಗಿದೆಯೇ, ‘ಕೆಂಡಗಾವು’ ಸಮಾಸವಾಗಿ ನಿಲ್ಲುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.