ಚಂದ್ರಗಿರಿ ಸೇತುವೆಯ ಕಂಬದ ಬಳಿ ಕಚ್ಚಿದ ಮೀನು ದಾರ ಹರಿದುಕೊಂಡು ಹೋಗುತ್ತಿದೆ, ಪರಿಹಾರವೇನು?

ಪ್ರಶ್ನೆ: ಕಾಸರಗೋಡಿನ ಚಂದ್ರಗಿರಿ ಹೊಳೆಯಲ್ಲಿ, ಸೇತುವೆಗೆ ಸಮೀಪದ ದಡದಿಂದ, ಜೀವಂತ ಸೀಗಡಿಯನ್ನು ಎರೆಯಾಗಿಸಿ ಗಾಳ ಹಾಕುತ್ತಿದ್ದೇನೆ. ಕೆಂಬೇರಿ ಮೀನು ಕಚ್ಚುವುದೇನೋ ಕಚ್ಚುತ್ತದೆ. ಆದರೆ ಕಚ್ಚಿದೊಡನೆ ಕಂಬದ ಕಡೆಗೆ ನುಗ್ಗಿ ದಾರವನ್ನು ಹರಿಯುತ್ತದೆ. ರೀಲಿನಲ್ಲಿ 20 ಪೌಂಡಿನ ಎಳೆತ ತಾಳುವ ಹೆಣೆದ ದಾರವಿದ್ದು, ಗಾಳವನ್ನು ಅದಕ್ಕೇ ನೇರವಾಗಿ ಕಟ್ಟಿದ್ದೇನೆ. 40 ಪೌಂಡಿನ ದಾರ ಸುತ್ತಿದರೆ ಸಾಕೇ? ಅಳಿವೆಯ ಕಡೆಯ ಆಳವಿಲ್ಲದ ಹರವಿನಲ್ಲಿ ಮೀನು ಒಮ್ಮೆ ಸಿಕ್ಕಿ ಇನ್ನೊಮ್ಮೆ ಸಿಗದಿರುವುದೇಕೆ ಎಂಬುದನ್ನೂ ತಿಳಿದವರು ತಿಳಿಸಬೇಕು.

ಉತ್ತರ: ಹೊಸ ದಾರಕ್ಕೆ ದುಡ್ಡು ಹಾಕುವ ಮೊದಲು ತುಂಡಾದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಎಳೆಗಳು ಬಿಚ್ಚಿ ಕುಚ್ಚಿನಂತೆ ಹರಡಿದ್ದರೆ ಅದು ಕಂಬಕ್ಕೆ ಉಜ್ಜಿ ಹರಿದದ್ದು; ತುದಿ ಹಾಳಾಗದೆ ಗಂಟಿನ ಸುಕ್ಕು ಮಾತ್ರ ಉಳಿದಿದ್ದರೆ ಗಂಟು ಜಾರಿದೆ. ತಮ್ಮ ವಿವರಣೆಯನ್ನು ನೋಡಿದರೆ ಮೊದಲನೆಯದೇ ಇರಬೇಕು. ಉಪ್ಪುನೀರಿನ ಕಂಬಗಳಿಗೆ ಇಳಿತದ ಮಟ್ಟದಿಂದ ಉಬ್ಬರದ ಮಟ್ಟದವರೆಗೂ ಹರಿತವಾದ ಚಿಪ್ಪುಗಳು ಅಂಟಿಕೊಂಡಿರುತ್ತವೆ, ಮತ್ತು ಹೆಣೆದ ದಾರ ನೇರ ಎಳೆತಕ್ಕೆ ಎಷ್ಟು ಗಟ್ಟಿಯೋ ಉಜ್ಜುವಿಕೆಗೆ ಅಷ್ಟೇ ಸೋಲುತ್ತದೆ. ಆದ್ದರಿಂದ ಈಗಿರುವ ದಾರವನ್ನೇ ಉಳಿಸಿಕೊಂಡು, ತುದಿಗೆ ಒಂದೂವರೆ ಮೀಟರಿನಷ್ಟು 40 ಅಥವಾ 50 ಪೌಂಡಿನ ಫ್ಲೋರೋಕಾರ್ಬನ್ ಲೀಡರ್, ಅಂದರೆ ದಾರಕ್ಕೂ ಗಾಳಕ್ಕೂ ನಡುವಿನ ಗಟ್ಟಿ ತುಂಡುದಾರ, ಸೇರಿಸಿ. ದಪ್ಪ ನೈಲಾನ್ ಆದರೂ ನಡೆಯುತ್ತದೆ.

ಆದರೆ ಲೀಡರಿಗಿಂತ ನಿಲ್ಲುವ ಜಾಗ ಮುಖ್ಯವೆಂದು ನನ್ನ ಅಭಿಪ್ರಾಯ. ನೀರಿನ ಸೆಳೆತ ತಪ್ಪುವ ಕಂಬದ ಮರೆಯಲ್ಲಿ ಮೀನು ಕಾದಿರುತ್ತದೆ. ಎರೆಯನ್ನು ಮೇಲ್ಸೆಳೆತಕ್ಕೆ ಎಸೆದು, ಅದು ಕಂಬದ ಪಕ್ಕದಿಂದ ತಾನಾಗಿ ತೇಲಿಬರುವಂತೆ ಬಿಡಿ. ತಮ್ಮ ಮತ್ತು ಮೀನಿನ ನಡುವೆ ಇನ್ನೊಂದು ಕಂಬ ಬಾರದಂತೆ ನಿಲ್ಲಿ. ಡ್ರ್ಯಾಗನ್ನು (ಮೀನು ಎಳೆದಾಗ ದಾರ ಬಿಚ್ಚಿಕೊಳ್ಳುವುದನ್ನು ತಡೆಯುವ ರೀಲಿನ ಬಿಗಿ) ಸಾಮಾನ್ಯವಾಗಿ ದಾರದ ತಾಳಿಕೆಯ ನಾಲ್ಕನೇ ಒಂದರಷ್ಟು ಬಿಗಿಯುವುದು ವಾಡಿಕೆಯಾದರೂ, ಇಲ್ಲಿ ಮೂರನೇ ಒಂದರಷ್ಟು ಬೇಕು. ಕಚ್ಚಿದೊಡನೆ ರೀಲು ಸುತ್ತುತ್ತಾ ಕೂರದೆ, ಕೋಲನ್ನು ಓರೆಯಾಗಿ ತಗ್ಗಿಸಿ, ಕಂಬದಿಂದ ದೂರಕ್ಕೆ ಹಿಂದೆ ಹಿಂದೆ ನಡೆಯಿರಿ. ಮೊದಲ ಕೆಲವು ಸೆಕೆಂಡುಗಳಲ್ಲೇ ತೀರ್ಮಾನವಾಗಿಬಿಡುತ್ತದೆ.

ಪ್ರಶ್ನೆ: ದಾರಕ್ಕೂ ಲೀಡರಿಗೂ ಯಾವ ಗಂಟು ಸೂಕ್ತ? ಹರವಿನ ವಿಷಯವನ್ನೂ ದಯವಿಟ್ಟು ಹೇಳಿ.

ಉತ್ತರ: ಎಫ್‌ಜಿ ಗಂಟು ತೆಳುವಾಗಿದ್ದು ಕೋಲಿನ ಬಳೆಗಳಲ್ಲಿ ಸಲೀಸಾಗಿ ನುಸುಳುತ್ತದೆ, ಆದರೆ ಗಾಳಿಯಲ್ಲಿ ಕಟ್ಟಲು ತಾಳ್ಮೆ ಬೇಕು, ಡಬಲ್ ಯೂನಿ ಸುಲಭ. ಯಾವುದೇ ಆಗಲಿ, ಒದ್ದೆ ಮಾಡಿ ಬಿಗಿಯಿರಿ.

ಹರವಿನ ಮೀನು ಉಬ್ಬರದ ನೀರಿನೊಂದಿಗೆ ಸೀಗಡಿ, ಏಡಿಗಳನ್ನು ಹುಡುಕುತ್ತಾ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದವರೆಗೂ ಹೋಗುತ್ತದೆ. ಇಳಿತ ಶುರುವಾದಾಗ ಆಳದ ಕಾಲುವೆಯ ಅಂಚಿಗೆ ಮರಳುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ, ನಿತ್ಯ ಸಂಜೆ ಐದಕ್ಕೇ ಹೋದರೆ ಒಂದು ವಾರ ತುಂಬಿದ ನೀರೂ ಮುಂದಿನ ವಾರ ಬರಿಯ ಕೆಸರೂ ಕಾಣುವುದು ಸಹಜ. ಮಂಗಳೂರಿನ ಉಬ್ಬರವಿಳಿತದ ಪಟ್ಟಿ ನೋಡಿಕೊಳ್ಳಿ. ಹೊಳೆಯ ಒಳಭಾಗದಲ್ಲಿ ಅದು ಸ್ವಲ್ಪ ತಡವಾಗಿ ಬರುತ್ತದೆ. ಮಳೆಗಾಲದ ಕೆಂಪುನೀರು ಇಳಿಯುವವರೆಗೆ ಈ ಲೆಕ್ಕ ನಡೆಯುವುದಿಲ್ಲ.