ಶ್ರೀಲಂಕಾ: ಜಾರಿಗೊಳಿಸಲಾಗದ ವಿಧಿ ಪರಿಸರವನ್ನು ಕಾಯುವುದು ಹೇಗೆ?

ಪ್ರಶ್ನೆ

ಪರಿಸರವನ್ನು ಸಂರಕ್ಷಿಸಿ ಉತ್ತಮಪಡಿಸುವುದು ರಾಜ್ಯದ ಹೊಣೆಯೆಂದು ಶ್ರೀಲಂಕಾ ಸಂವಿಧಾನದ 27(14)ನೇ ವಿಧಿ ಹೇಳುತ್ತದೆ. ಆದರೆ ಇಂಥ ನಿರ್ದೇಶಕ ತತ್ತ್ವಗಳನ್ನು, ಅಂದರೆ ರಾಜ್ಯದ ನೀತಿಗೆ ದಾರಿ ತೋರುವ ಸೂತ್ರಗಳನ್ನು, ಯಾವ ನ್ಯಾಯಾಲಯದ ಮೂಲಕವೂ ಜಾರಿಗೊಳಿಸುವಂತಿಲ್ಲವೆಂದು 29ನೇ ವಿಧಿ ಬಾಗಿಲು ಹಾಕಿಬಿಡುತ್ತದೆ. ಮೂಲಭೂತ ಹಕ್ಕುಗಳ ಅಧ್ಯಾಯದಲ್ಲಿ ಜೀವಿಸುವ ಹಕ್ಕನ್ನು ಹೆಸರಿಸುವ ವಿಧಿಯೂ ಕಾಣಲಿಲ್ಲ. ಹಾಗಾದರೆ ಅಲ್ಲಿನ ಸುಪ್ರೀಂ ಕೋರ್ಟ್ ಪರಿಸರ ಪ್ರಕರಣಗಳನ್ನು ಯಾವ ಆಧಾರದ ಮೇಲೆ ವಿಚಾರಿಸುತ್ತದೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ತಾವು ಹುಡುಕುತ್ತಿರುವ ಬಾಗಿಲು 12(1)ನೇ ವಿಧಿ, ಅಂದರೆ ಕಾನೂನಿನ ಸಮಾನ ರಕ್ಷಣೆ. ಅನುರಾಧಪುರ ಜಿಲ್ಲೆಯ ಎಪ್ಪಾವಲದ ಫಾಸ್ಫೇಟ್ (ರಂಜಕದ ಖನಿಜ) ನಿಕ್ಷೇಪವನ್ನು ವಿದೇಶಿ ಕಂಪನಿಯೊಂದರ ಪಾಲುದಾರಿಕೆಯಲ್ಲಿ ಅಗೆಯಲು ಸರ್ಕಾರ ಕರಡು ಒಪ್ಪಂದ ಸಿದ್ಧಪಡಿಸಿದಾಗ, ಅಲ್ಲಿನ ರೈತರೂ ಬೌದ್ಧ ವಿಹಾರದ ಮುಖ್ಯಸ್ಥರಾದ ಒಬ್ಬ ವಿಹಾರಾಧಿಪತಿಯೂ ಸೇರಿದಂತೆ ಕೆಲವರು ಸುಪ್ರೀಂ ಕೋರ್ಟಿನ ಮೊರೆಹೋದರು. 1980ರ ರಾಷ್ಟ್ರೀಯ ಪರಿಸರ ಕಾಯ್ದೆಗೆ 1988ರಲ್ಲಿ ತಂದ ತಿದ್ದುಪಡಿಯಂತೆ ಇಂಥ ಯೋಜನೆಗಳು ಪರಿಸರ ಪರಿಣಾಮ ಮೌಲ್ಯಮಾಪನಕ್ಕೆ ಒಳಪಡಬೇಕು, ವರದಿ ಸಾರ್ವಜನಿಕರ ಮುಂದೆ 30 ದಿನ ಇರಬೇಕು. ಎಲ್ಲರಿಗೂ ಅನ್ವಯಿಸುವ ಈ ಕ್ರಮವನ್ನು ಒಬ್ಬರಿಗಾಗಿ ಬದಿಗೆ ಸರಿಸಿದರೆ ಸಮಾನತೆಗೆ ಧಕ್ಕೆಯಾಗುತ್ತದೆಂಬುದು 2000ದ ತೀರ್ಪಿನ ತಿರುಳು. ಸಮಗ್ರ ಅಧ್ಯಯನ ಮತ್ತು ಮೌಲ್ಯಮಾಪನ ಮುಗಿಯುವವರೆಗೆ ಒಪ್ಪಂದ ಮಾಡಿಕೊಳ್ಳಬಾರದೆಂದು ನ್ಯಾಯಾಲಯ ಆದೇಶಿಸಿತು.

ನನಗೆ ಆ ತೀರ್ಪಿನಲ್ಲಿ ಹೆಚ್ಚು ಹಿಡಿಸಿದ್ದು ಬೇರೆಯೇ ಭಾಗ. ಮೈಲಿಗೆ ಆರೇ ಅಂಗುಲದ ಇಳಿಜಾರಿನಲ್ಲಿ ನೀರು ಹರಿಸುವ ಜಯಗಂಗಾ ಎಂಬ ಪ್ರಾಚೀನ ಕಾಲುವೆಯ ಹಣೆಬರಹವನ್ನೂ ನ್ಯಾಯಾಲಯ ತೂಗಿನೋಡಿತು. ರಾಜನು ನೆಲದ ಒಡೆಯನಲ್ಲ, ಪಾಲಕನಷ್ಟೇ ಎಂದು ಪ್ರಾಚೀನ ಲಂಕೆಯ ಅರಸ ದೇವಾನಾಂಪ್ರಿಯ ತಿಸ್ಸನಿಗೆ ಬೌದ್ಧ ಭಿಕ್ಷು ಮಹಿಂದ ಥೇರರು ನೀಡಿದರೆನ್ನಲಾದ ಉಪದೇಶವನ್ನು ಸ್ಮರಿಸಿತು. ನಿರ್ದೇಶಕ ತತ್ತ್ವ ತಾನಾಗಿ ಜಾರಿಯಾಗದಿದ್ದರೂ ಹಕ್ಕನ್ನು ಅರ್ಥೈಸುವಾಗ ಬೆಳಕಾಗುವುದು ಹೀಗೆ.

ಉತ್ತರ 2

ಮೇಲಿನ ವಿವರಣೆಗೆ ಒಂದು ಎಚ್ಚರಿಕೆಯನ್ನು ಸೇರಿಸುತ್ತೇನೆ. 126ನೇ ವಿಧಿಯ ಪ್ರಕಾರ ಹಕ್ಕಿನ ಉಲ್ಲಂಘನೆಯಾದ ಒಂದೇ ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಮಾಲಿನ್ಯದ ಹಾನಿ ಅನೇಕ ವೇಳೆ ವರ್ಷಗಳ ಬಳಿಕ ಕಾಣಿಸಿಕೊಳ್ಳುವುದರಿಂದ ಈ ಗಡುವು ತೀರ ಬಿಗಿಯಾಯಿತೆಂದೇ ನನ್ನ ಅಭಿಪ್ರಾಯ. ಊರಿನ ಕಾರ್ಖಾನೆಯ ಹೊಗೆ ಅಥವಾ ಸದ್ದಿನಂಥ ತೊಂದರೆಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಸಾರ್ವಜನಿಕ ಉಪದ್ರವವನ್ನು ತೆಗೆಸಲು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 98ನೇ ಕಲಮಿನಡಿ ಮ್ಯಾಜಿಸ್ಟ್ರೇಟರೇ ಆದೇಶಿಸಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. 2021ರಲ್ಲಿ ಕೊಲಂಬೊ ಸಮೀಪ ಹೊತ್ತಿ ಉರಿದು ಮುಳುಗಿದ ಎಕ್ಸ್‌ಪ್ರೆಸ್ ಪರ್ಲ್ ಹಡಗಿನ ಪ್ರಕರಣವೂ ಇದೇ ಹಾದಿಯಲ್ಲಿ ಬಂದದ್ದೇ?

ಉತ್ತರ 2

ಹೌದು, ಅದೂ ಮೂಲಭೂತ ಹಕ್ಕುಗಳ ಅರ್ಜಿಗಳಿಂದಲೇ ಬಂದದ್ದು. ಪ್ಲಾಸ್ಟಿಕ್ ಕಾಳುಗಳು ಕಡಲತೀರದುದ್ದಕ್ಕೂ ಹರಡಿದ ಆ ದುರಂತಕ್ಕೆ 100 ಕೋಟಿ ಅಮೆರಿಕನ್ ಡಾಲರ್ ಪರಿಹಾರ ನೀಡುವಂತೆ 2025ರ ಜುಲೈನಲ್ಲಿ ತೀರ್ಪಾಯಿತು. ಆದರೆ ಹಡಗಿನ ಮಾಲೀಕರು ಸಿಂಗಪುರದವರು. ಕೊಲಂಬೊದ ಆದೇಶವನ್ನು ಹೊರದೇಶದಲ್ಲಿ ವಸೂಲಿಗೆ ತರುವುದು 12(1)ನೇ ವಿಧಿಯ ಕೈಗೆ ಎಟುಕುವ ಕೆಲಸವಲ್ಲ.